ಪುನರ್ದರ್ಶನ ವಿಚಾರ: ‘ಕ್ರೋನೋ ಟ್ರಿಗರ್’ ಎಂಬ ಆಟದ ವಿಮರ್ಶೆ

(೧)

ಒಂದು ಕೃತಿಯನ್ನು ಎರಡನೆಯ ಸಲ ಓದುವವನಿಗೆ ಲಭಿಸುವುದೇನು, ಅವನು ಕಳೆದುಕೊಳ್ಳುವುದೇನು ಎಂಬ ಪ್ರಶ್ನೆಯು ಸಾಹಿತ್ಯವನ್ನು ಪಾಠ ಹೇಳುವವರೆಲ್ಲರಿಗೂ ಪರಿಚಿತವಾದುದು. ವರ್ಷವರ್ಷವೂ ಅದೇ ನಾಟಕವನ್ನು ಹೊಸ ವಿದ್ಯಾರ್ಥಿಗಳ ಮುಂದೆ ವಿವರಿಸುವ ಅಧ್ಯಾಪಕನಿಗೆ ಕಥೆಯ ವಿಷಯದಲ್ಲಿ ಕುತೂಹಲವೆಂಬುದು ಉಳಿದಿರುವುದಿಲ್ಲ. ರಸವಾದರೋ ಉಳಿದಿರುವುದು, ಒಮ್ಮೊಮ್ಮೆ ಮೊದಲಿಗಿಂತ ಹೆಚ್ಚಿಯೂ ಇರುವುದು. ಗಮಕಿಯ ಮುಂದೆ ಕುಳಿತ ಶ್ರೋತೃವಿಗೆ ದ್ರೌಪದಿಯನ್ನು ಸಭೆಗೆ ಎಳೆತಂದ ಮೇಲೆ ಏನಾಗುವುದೆಂಬುದು ಬಾಲ್ಯದಿಂದಲೂ ಗೊತ್ತು. ಗೊತ್ತಿದ್ದೂ ಅವನ ಕಣ್ಣು ತುಂಬುವುದು. ಆದುದರಿಂದ ಕುತೂಹಲವು ರಸಕ್ಕೆ ಸಹಾಯಕವಾಗಬಹುದಲ್ಲದೆ ಅದರ ಪ್ರಾಣವಲ್ಲವೆಂದು ಧಾರಾಳವಾಗಿ ಹೇಳಬಹುದು.

ಶ್ರವ್ಯ ದೃಶ್ಯ ಕಾವ್ಯಗಳ ವಿಷಯದಲ್ಲಿ ಇಷ್ಟು ನಿರ್ವಿವಾದ. ಆದರೆ ಸಹೃದಯನು ಬರಿಯ ಶ್ರೋತೃವೋ ಪ್ರೇಕ್ಷಕನೋ ಆಗಿರದೆ ತಾನೇ ಕರ್ತೃವಾಗಿ ನಡೆಯಬೇಕಾದ ಕಲೆಯೊಂದು ನಮ್ಮ ಕಾಲದಲ್ಲಿ ಹುಟ್ಟಿ ಬೆಳೆದಿದೆ. ದೂರದರ್ಶನದ ಪರದೆಗೆ ಜೋಡಿಸಿ ಆಡುವ ಕನ್ಸೋಲ್ ಯಂತ್ರಗಳ ಆಟಗಳಲ್ಲಿ ‘ರೋಲ್ ಪ್ಲೇಯಿಂಗ್ ಗೇಮ್’ ಎಂದು ಕರೆಯಲ್ಪಡುವ ಪ್ರಭೇದವು ಕಥಾಪ್ರಧಾನವಾದುದು. ಅದರಲ್ಲಿ ಆಡುವವನು ನಾಯಕನ ಪಾತ್ರವನ್ನು ವಹಿಸಿ ಊರೂರು ಸುತ್ತುವನು, ಕಂಡವರೊಡನೆ ಮಾತನಾಡುವನು, ಯುದ್ಧಮಾಡಿ ಬಲವನ್ನು ಗಳಿಸುವನು, ಇತಿವೃತ್ತವನ್ನು ಮುಂದಕ್ಕೆ ನಡೆಸುವನು. ಇಂಥ ಕೃತಿಗೆ ಮರಳಿ ಬಂದವನಲ್ಲಿ ಬದಲಾಗುವುದು ತಿಳಿವು ಒಂದೇ ಅಲ್ಲ. ಅವನ ನಡತೆಯೂ ಬದಲಾಗುವುದು. ಆದಕಾರಣ ಪುನರ್ದರ್ಶನದ ಪ್ರಶ್ನೆಯು ಇಲ್ಲಿ ರಸವಿಚಾರದಲ್ಲಿಯೇ ಮುಗಿಯದೆ ಶೀಲವಿಚಾರಕ್ಕೂ ಹಬ್ಬುವುದು. ಈ ಎರಡನ್ನೂ ‘ಕ್ರೋನೋ ಟ್ರಿಗರ್’ ಎಂಬ ಜಪಾನೀ ಆಟವೊಂದರ ಆಧಾರದಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ಲೇಖಕನು ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಬಂಧುಗಳೊಬ್ಬರು ಪರದೇಶದಿಂದ ತಂದಿದ್ದ ಯಂತ್ರದಲ್ಲಿ ಅದನ್ನು ಆಡಿದ್ದನು. ಈಚೆಗೆ ಮೊಬೈಲಿನ ಆವೃತ್ತಿಯಲ್ಲಿ ಮತ್ತೊಮ್ಮೆ ಆದ್ಯಂತವಾಗಿ ಆಡಿದನು. ಅಲಂಕಾರಶಾಸ್ತ್ರವನ್ನು ಓದಿದವನಿಗೆ ಈ ವಿಷಯವೇಕೆ ಎಂಬ ಆಕ್ಷೇಪಕ್ಕೆ, ಶಾಸ್ತ್ರವು ಹೊಸ ಲಕ್ಷ್ಯವನ್ನು ಕಂಡಾಗ ಅದನ್ನು ಪರೀಕ್ಷಿಸುವುದು ಲಾಕ್ಷಣಿಕನ ಕರ್ತವ್ಯವೇ ಆಗಿದೆಯೆಂದು ಉತ್ತರ ಹೇಳಿದರೆ ಸಾಕು.

(೨)

ಕೃತಿಯ ಪರಿಚಯವನ್ನು ಸಂಗ್ರಹವಾಗಿ ಹೇಳಬೇಕು. ‘ಕ್ರೋನೋ ಟ್ರಿಗರ್’ ಆಟವನ್ನು ಸ್ಕ್ವೇರ್ ಎಂಬ ಜಪಾನೀ ಸಂಸ್ಥೆಯು ೧೯೯೫ನೆಯ ಮಾರ್ಚಿ ತಿಂಗಳಲ್ಲಿ ಸೂಪರ್ ಫ್ಯಾಮಿಕಾಂ ಯಂತ್ರಕ್ಕಾಗಿ ಪ್ರಕಟಿಸಿತು; ಅದೇ ವರ್ಷ ಅಮೆರಿಕದಲ್ಲಿ ಇಂಗ್ಲಿಷ್ ಆವೃತ್ತಿಯೂ ಹೊರಬಂದಿತು. ‘ಫೈನಲ್ ಫ್ಯಾಂಟಸಿ’ ಆಟಗಳ ಆದ್ಯನಾದ ಹಿರೊನೊಬು ಸಕಗುಚಿ, ‘ಡ್ರ್ಯಾಗನ್ ಕ್ವೆಸ್ಟ್’ ಆಟಗಳ ಕರ್ತೃವಾದ ಯೂಜಿ ಹೋರಿಯಿ, ‘ಡ್ರ್ಯಾಗನ್ ಬಾಲ್’ ಚಿತ್ರಕಥೆಯಿಂದ ಲೋಕವಿಖ್ಯಾತನಾಗಿ ೨೦೨೪ರಲ್ಲಿ ಕಾಲವಾದ ಚಿತ್ರಕಾರ ಅಕಿರ ತೋರಿಯಾಮ, ಈ ಮೂವರೂ ಇದರಲ್ಲಿ ಕೂಡಿ ದುಡಿದರು. ಕಥಾಭಾಗವನ್ನು ಬರೆದವರಲ್ಲಿ ಮಸಾತೊ ಕಾತೊ ಪ್ರಮುಖನು. ಸಂಗೀತವನ್ನು ತರುಣನಾದ ಯಸುನೊರಿ ಮಿತ್ಸುದನು ರಚಿಸತೊಡಗಿ, ನಡುವೆ ಅಸ್ವಸ್ಥನಾಗಲು, ಉಳಿದ ಕೆಲವು ರಚನೆಗಳನ್ನು ನೊಬುಓ ಉಯೆಮಾತ್ಸುವು ಪೂರೈಸಿದನು.

ಕಥೆ ಹೀಗಿದೆ. ಗಾರ್ಡಿಯಾ ರಾಜ್ಯದ ಸಹಸ್ರಮಾನೋತ್ಸವದ ದಿನ, ಎಂದರೆ ಆ ಪ್ರಪಂಚದ ೧೦೦೦ನೆಯ ವರ್ಷದಲ್ಲಿ, ಕ್ರೋನೋ ಎಂಬ ತರುಣನನ್ನು ತಾಯಿ ನಿದ್ರೆಯಿಂದ ಎಬ್ಬಿಸುವಳು. ಜಾತ್ರೆಯಲ್ಲಿ ಅವನು ಮಾರ್ಲ್ ಎಂಬ ಹುಡುಗಿಗೆ ಢಿಕ್ಕಿಹೊಡೆಯುವನು. ಅವಳು ವೇಷ ಮರೆಸಿಕೊಂಡು ಬಂದ ರಾಜಕುಮಾರಿ. ಅವನ ಗೆಳತಿ ಲುಕ್ಕಾ ನಿರ್ಮಿಸಿದ ಯಂತ್ರದ ಬಳಿ ಮಾರ್ಲಳ ಕೊರಳ ಪದಕವು ಮಿನುಗಿ ಕಾಲದ ದ್ವಾರವೊಂದು ತೆರೆದು ಅವಳನ್ನು ೬೦೦ನೆಯ ವರ್ಷಕ್ಕೆ ಒಯ್ಯುವುದು. ಅಲ್ಲಿಂದ ಮುಂದೆ ಕಥೆಯು ೬,೫೦,೦೦,೦೦೦ ವರ್ಷಗಳ ಹಿಂದಿನ ಆದಿಯುಗದಿಂದ ಹಾಳಾದ ೨೩೦೦ನೆಯ ವರ್ಷದವರೆಗೆ ಹಿಂದುಮುಂದಾಗಿ ಸಂಚರಿಸುವುದು. ಆದಿಯುಗದಲ್ಲಿ ಆಕಾಶದಿಂದ ಬಿದ್ದು ಭೂಗರ್ಭದಲ್ಲಿ ಮಲಗಿದ್ದ ಲಾವೋಸ್ ಎಂಬ ಭೂತವು ೧೯೯೯ರಲ್ಲಿ ಮೇಲೆದ್ದು ಲೋಕವನ್ನು ಸುಡುವುದೆಂಬುದನ್ನು ಈ ತರುಣರು ಭವಿಷ್ಯತ್ತಿಗೆ ಹೋದಾಗ ಹಳೆಯ ದಾಖಲೆಯೊಂದರಲ್ಲಿ ಕಣ್ಣಾರೆ ಕಾಣುವರು. ತಾವು ಬದುಕಿರದ ಕಾಲದ ಆ ಅನರ್ಥವನ್ನು ತಪ್ಪಿಸುವುದೇ ಅವರ ಸಂಕಲ್ಪವಾಗುವುದು. ಇದೇ ಬೀಜ, ಲಾವೋಸನ ವಧೆಯೇ ಫಲ.

ಈ ಕೃತಿಯ ಮತ್ತೊಂದು ವಿಶೇಷವು ನಮ್ಮ ವಿಚಾರಕ್ಕೆ ಮುಖ್ಯವಾದುದು. ಒಮ್ಮೆ ಕಥೆಯನ್ನು ಮುಗಿಸಿದವನು, ತಾನು ಗಳಿಸಿದ ಬಲವನ್ನೂ ಆಯುಧಗಳನ್ನೂ ವಿದ್ಯೆಗಳನ್ನೂ ಉಳಿಸಿಕೊಂಡೇ ಕಥೆಯನ್ನು ಮೊದಲಿನಿಂದ ಆರಂಭಿಸಬಹುದು. ಇದಕ್ಕೆ ‘ನ್ಯೂ ಗೇಮ್ ಪ್ಲಸ್’ ಎಂದು ಹೆಸರು. ಈ ಹೆಸರು ಇತರ ಆಟಗಳಲ್ಲಿ ರೂಢಿಗೆ ಬರುವುದಕ್ಕೆ ಮುಖ್ಯ ಕಾರಣವೂ ಇದೇ ಆಟ. ಹೀಗೆ ಮರಳಿ ಆಡುವವನು ಲಾವೋಸನನ್ನು ಕಥೆಯ ಯಾವ ಘಟ್ಟದಲ್ಲಿ ಎದುರಿಸಿ ಗೆಲ್ಲುವನೋ ಅದಕ್ಕನುಸಾರವಾಗಿ ಹತ್ತಕ್ಕೂ ಹೆಚ್ಚು ಬಗೆಯ ಮುಕ್ತಾಯಗಳು ದೊರೆಯುವುವು. ಎಂದರೆ ಪುನರ್ದರ್ಶನವು ಇಲ್ಲಿ ಸಹೃದಯನ ಇಚ್ಛೆಗೆ ಬಿಟ್ಟ ವಿಷಯ ಮಾತ್ರವಲ್ಲ; ಕೃತಿಕಾರರೇ ಅದನ್ನು ಅಂಗವಾಗಿ ವಿಧಿಸಿದ್ದಾರೆ.

(೩)

ಪಾಠಭೇದಗಳ ವಿಷಯವನ್ನು ಇಲ್ಲಿಯೇ ಸೂಚಿಸುವುದು ಉಚಿತ. ವರ್ಷಗಳ ತರುವಾಯ ಮರಳಿ ಬರುವವನಿಗೆ ತಾನು ಹಿಂದೆ ಕಂಡ ಪಾಠವೇ ಸಿಕ್ಕುವುದೆಂಬ ನಿಯಮವಿಲ್ಲ. ೧೯೯೫ರ ಮೂಲದ ಮೇಲೆ ೧೯೯೯ರಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕೆ ಬಂದ ಆವೃತ್ತಿಯಲ್ಲಿ ಚಲಿಸುವ ಚಿತ್ರದೃಶ್ಯಗಳನ್ನು ಸೇರಿಸಿದರು. ೨೦೦೮ರಲ್ಲಿ ನಿಂಟೆಂಡೊ ಡಿ.ಎಸ್. ಯಂತ್ರಕ್ಕೆ ಬಂದುದರಲ್ಲಿ ಇಂಗ್ಲಿಷ್ ಭಾಷಾಂತರವನ್ನು ಹೊಸದಾಗಿ ಮಾಡಿ ಕೆಲವು ಸ್ಥಳಗಳನ್ನೂ ಮುಕ್ತಾಯವೊಂದನ್ನೂ ಕೂಡಿಸಿದರು. ೨೦೧೧ರಲ್ಲಿ ಮೊಬೈಲುಗಳಿಗೂ ೨೦೧೮ರಲ್ಲಿ ಗಣಕಯಂತ್ರಗಳಿಗೂ ಬಂದಿತು. ಈ ಕೊನೆಯ ಆವೃತ್ತಿಯ ಚಿತ್ರಗಳೂ ಅಕ್ಷರಗಳೂ ಮೊದಲಿನ ಅಂದವನ್ನು ಕಳೆದುಕೊಂಡಿವೆಯೆಂದು ಆಡುವವರು ಆಕ್ಷೇಪಿಸಲು ಪ್ರಕಾಶಕರು ಕ್ರಮವಾಗಿ ತಿದ್ದುಪಡಿಗಳನ್ನು ಹೊರಡಿಸಿ ಹಳೆಯ ಚಿತ್ರರೂಪವನ್ನು ಮತ್ತೆ ದೊರಕಿಸಿಕೊಟ್ಟರು.

ಪಾಠಭೇದದಿಂದ ಪಾತ್ರವೇ ಬೇರೆಯಾಗಿ ತೋರುವುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಶಾಪದಿಂದ ಕಪ್ಪೆಯಾದ ಗ್ಲೆನ್ ಎಂಬ ವೀರನಿದ್ದಾನೆ. ೧೯೯೫ರ ಇಂಗ್ಲಿಷ್ ಪಾಠದಲ್ಲಿ ಟೆಡ್ ವೂಲ್ಸಿ ಎಂಬ ಭಾಷಾಂತರಕಾರನು ಇವನ ಬಾಯಲ್ಲಿ ಹಳೆಯ ಕಾಲದ ಇಂಗ್ಲಿಷನ್ನು ಇಟ್ಟನು. ನಮ್ಮಲ್ಲಿ ಒಂದು ಪಾತ್ರವು ಮಾತ್ರ ಹಳಗನ್ನಡದಲ್ಲಿ ಮಾತನಾಡಿದರೆ ಹೇಗೋ ಹಾಗೆ. ಜಪಾನೀ ಮೂಲದಲ್ಲಿ ಇಂಥ ಪ್ರಾಚೀನ ಭಾಷೆಯಿಲ್ಲ. ೨೦೦೮ರ ಭಾಷಾಂತರದಲ್ಲಿ ಈ ಗಾಂಭೀರ್ಯವನ್ನು ಬಹುಮಟ್ಟಿಗೆ ಇಳಿಸಲಾಗಿದೆ. ಮೂಲಕ್ಕೆ ಹತ್ತಿರವಾದುದು ಹೊಸ ಪಾಠವೇ. ಆದರೆ ಸಹೃದಯರ ನೆನಪಿನಲ್ಲಿ ನಿಂತವನು ಹಳೆಯ ಮಾತಿನ ಗ್ಲೆನ್. ರೂಪವು ಹಾಸ್ಯಾಸ್ಪದವಾಗಿದ್ದು ನುಡಿಯು ಉದಾತ್ತವಾಗಿರುವ ಆ ವಿರೋಧದಿಂದಲೇ ಅವನ ವೀರವು ಕರುಣದೊಡನೆ ಬೆರೆಯುತ್ತಿದ್ದಿತು. ಆದಕಾರಣ ಪುನರ್ದರ್ಶನವನ್ನು ವಿಮರ್ಶಿಸುವವನು ಬದಲಾದುದು ತಾನೋ ಪಾಠವೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳತಕ್ಕದ್ದು. ಮುಂದೆ ಹೇಳುವ ಪ್ರಸಂಗಗಳೆಲ್ಲವೂ ಮೂಲದಲ್ಲಿಯೇ ಇರತಕ್ಕವು.

(೪)

ಇನ್ನು ರಸವಿಚಾರ. ಪೂರ್ವಪಕ್ಷಿಯು ಹೀಗೆ ಹೇಳಬಹುದು: ‘ರಸಾಸ್ವಾದಕ್ಕೆ ಸಾಧಾರಣೀಕರಣವು ಅವಶ್ಯಕ. ಪ್ರೇಕ್ಷಕನು ತನ್ನದು ಪರರದು ಎಂಬ ಭೇದವನ್ನು ಮರೆತಾಗಲೇ ಚರ್ವಣೆ. ಆಡುವವನಿಗಾದರೋ ಸೋಲು ಗೆಲುವುಗಳು ತನ್ನವೇ. ನಾಯಕನು ಬಿದ್ದರೆ ಒಂದು ಗಂಟೆಯ ಶ್ರಮವು ಹಾಳಾಯಿತಲ್ಲ ಎಂಬುದೇ ಅವನ ದುಃಖ. ಅದು ಶೋಕಸ್ಥಾಯಿಯಲ್ಲ, ಲೌಕಿಕವಾದ ನಷ್ಟ. ಆದುದರಿಂದ ಆಟದಲ್ಲಿ ರಸವೆಂಬುದೇ ಇಲ್ಲ.’

ಈ ಆಕ್ಷೇಪವು ಬಲವಾದುದೇ. ಅಭಿನವಗುಪ್ತಪಾದರು ‘ಅಭಿನವಭಾರತಿ’ಯಲ್ಲಿ ಎಣಿಸಿದ ಏಳು ರಸವಿಘ್ನಗಳಲ್ಲಿ, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಒಂದು. ಮೊದಲ ಸಲ ಆಡುವವನಿಗೆ ಈ ವಿಘ್ನವು ಹೆಜ್ಜೆಹೆಜ್ಜೆಗೂ ಒದಗುವುದು. ಮಾಂತ್ರಿಕನಾದ ಮೇಗಸನ ಕೋಟೆಯಲ್ಲಿ ನಡೆಯುವಾಗ ಔಷಧಗಳೆಷ್ಟು ಉಳಿದಿವೆ, ಯಾರ ಪ್ರಾಣವೆಷ್ಟು ಕುಂದಿದೆ ಎಂಬ ಲೆಕ್ಕದಲ್ಲಿ ಅವನ ಚಿತ್ತವು ಮಗ್ನವಾಗಿರುವುದು. ಆದರೆ ಪೂರ್ವಪಕ್ಷಿಯ ಮಾತು ಮೊದಲ ದರ್ಶನಕ್ಕೆ ಎಷ್ಟು ಅನ್ವಯಿಸುವುದೋ ಎರಡನೆಯದಕ್ಕೆ ಅಷ್ಟು ಅನ್ವಯಿಸದು. ಬಲವನ್ನು ಉಳಿಸಿಕೊಂಡು ಮರಳಿದವನಿಗೆ ಹಿಂದೆ ಅರ್ಧ ಗಂಟೆ ಕಾಡಿದ ಶತ್ರುವು ಒಂದೇ ಪೆಟ್ಟಿಗೆ ಬೀಳುವನು. ತನ್ನ ಲಾಭನಷ್ಟಗಳ ಚಿಂತೆಯು ಹೋಗಲು ಅವನಿಗೆ ಇತರರ ಸುಖದುಃಖಗಳನ್ನು ನೋಡುವ ಬಿಡುವು ದೊರೆಯುವುದು. ಕರ್ತೃವಾಗಿದ್ದವನು ಪ್ರೇಕ್ಷಕನಾಗುವನು. ಹೀಗೆ ‘ನ್ಯೂ ಗೇಮ್ ಪ್ಲಸ್’ ಎಂಬುದು ಆಡುವವರಿಗೆ ಕೊಟ್ಟ ಬಹುಮಾನವೆಂದು ಮೇಲೆ ಕಂಡರೂ ಶಾಸ್ತ್ರದೃಷ್ಟಿಯಿಂದ ಅದು ವಿಘ್ನಾಪಸಾರಣೆಯ ಉಪಾಯವಾಗಿದೆ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಭಯಾನಕವು ಎರಡನೆಯ ಸಲ ಬಹುಮಟ್ಟಿಗೆ ಅಳಿಯುವುದು. ಅಂಜಿಕೆಯಿಲ್ಲದ ಕಡೆ ಉತ್ಸಾಹಕ್ಕೂ ಎಡೆಯಿಲ್ಲವಾಗಿ ವೀರವು ಸೊರಗುವುದು. ಅದ್ಭುತವು ಕುಂದುವುದು. ಕ್ರಿಸ್ತಪೂರ್ವ ೧೨೦೦೦ದಲ್ಲಿ ಮೋಡಗಳ ಮೇಲೆ ತೇಲುವ ಜೀಲ್ ರಾಜ್ಯವನ್ನು ಮೊದಲು ಕಂಡಾಗ ಆದ ಬೆರಗು ಮತ್ತೆ ಬಾರದು. ಉಳಿದು ಬೆಳೆಯುವುವು ಕರುಣ ಹಾಸ್ಯಗಳೆರಡು.

ನಾಯಕನ ಮರಣವನ್ನು ನೋಡೋಣ. ಜೀಲ್ ರಾಜ್ಯದ ಸಮುದ್ರಗರ್ಭದ ಅರಮನೆಯಲ್ಲಿ ಲಾವೋಸನ ಎದುರು ಕ್ರೋನೋ ಒಬ್ಬನೇ ಎದ್ದುನಿಂತು ಮಿತ್ರರನ್ನು ಉಳಿಸಿ ತಾನು ಧೂಳಾಗುವನು. ಕಥಾನಾಯಕನೇ ನಡುವೆ ಅಳಿದುದರಿಂದ ಮೊದಲ ಸಲ ನಮಗಾಗುವುದು ದಿಗ್ಭ್ರಮೆ. ಶೋಕವು ನೆಲೆಗೊಳ್ಳುವ ಮೊದಲೇ ಮುಂದೇನೆಂಬ ಚಿಂತೆ ಹಿಡಿಯುವುದು. ಎರಡನೆಯ ಸಲ ದಿಗ್ಭ್ರಮೆಯಿಲ್ಲ. ಜಾತ್ರೆಯ ಬೆಳಗಿನಿಂದಲೂ ನಾವು ಅವನನ್ನು ಸಾಯಲಿರುವವನೆಂದೇ ನೋಡುತ್ತಿರುವೆವು. ತಾಯಿ ಕಿಟಕಿಯ ತೆರೆಯನ್ನು ಸರಿಸಿ ಮಗನನ್ನು ಎಬ್ಬಿಸುವ ಮೊದಲ ದೃಶ್ಯವೇ ಕರುಣದ ವಿಭಾವವಾಗಿ ಪರಿಣಮಿಸುವುದು. ಅವನು ಕಥೆಯುದ್ದಕ್ಕೂ ಬಹುತೇಕ ಮೂಕನಾಗಿರುವುದರ ಅರ್ಥವೂ ಆಗ ಹೊಳೆಯುವುದು. ಮೊದಲ ಸಲ ಆ ಮೌನದಲ್ಲಿ ಆಡುವವನು ತನ್ನನ್ನೇ ತುಂಬಿಕೊಂಡಿದ್ದನು. ಎರಡನೆಯ ಸಲ ಅದು ಕ್ರೋನೋವಿನದೇ ಮೌನವಾಗಿ ಕೇಳಿಸುವುದು.

ಹಾಸ್ಯಕ್ಕೂ ಇದೇ ಮಾತು ಸಲ್ಲುವುದು. ಸತ್ತ ನಾಯಕನನ್ನು ಮರಳಿ ಪಡೆಯಬೇಕಾದರೆ ಅವನನ್ನೇ ಹೋಲುವ ಗೊಂಬೆಯೊಂದು ಬೇಕು. ಅದನ್ನು ಜಾತ್ರೆಯ ಡೇರೆಯೊಂದರಲ್ಲಿ ಹುಡುಗಾಟದ ಪಂದ್ಯವನ್ನು ಗೆದ್ದು ಸಂಪಾದಿಸಬೇಕು. ಅನಂತರ ೨೩೦೦ನೆಯ ವರ್ಷದ ಮೃತ್ಯುಶಿಖರವನ್ನು ಹತ್ತಿ, ಕಾಲವನ್ನು ನಿಲ್ಲಿಸಿ, ಸಾಯುವ ಗಳಿಗೆಯಲ್ಲಿ ಕ್ರೋನೋವಿನ ಸ್ಥಾನದಲ್ಲಿ ಗೊಂಬೆಯನ್ನಿಟ್ಟು ಅವನನ್ನು ಈಚೆಗೆ ತರುವರು. ಪರಿಣಾಮವನ್ನು ಬಲ್ಲವನು ಜಾತ್ರೆಯ ಆ ಡೇರೆಯ ಮುಂದೆ ಹಾಯುವಾಗ ನಗೆಯೊಡನೆ ಗಂಟಲು ಬಿಗಿಯುವುದೂ ಉಂಟು. ಕಥೆಯನ್ನು ಬಲ್ಲವನಿಗೆ ಮಾತ್ರ ತೋರುವ ವ್ಯಂಗ್ಯವಿದು.

(೫)

ರಸದ ಲೆಕ್ಕದಲ್ಲಿ ಪುನರ್ದರ್ಶನವು ಲಾಭವೇ ಎಂದಾಯಿತು. ಶೀಲದ ಲೆಕ್ಕವು ಇಷ್ಟು ಸುಲಭವಲ್ಲ. ಇದಕ್ಕೆ ಮೂರು ಪ್ರಸಂಗಗಳು ವಿಚಾರಣೀಯವಾಗಿವೆ.

ಮೊದಲನೆಯದು ನ್ಯಾಯಸ್ಥಾನದ ಪ್ರಸಂಗ. ೬೦೦ನೆಯ ವರ್ಷದಿಂದ ರಾಜಕುಮಾರಿಯನ್ನು ಕರೆತಂದ ಕ್ರೋನೋವನ್ನು, ಅವಳನ್ನು ಅಪಹರಿಸಿದನೆಂದು ಹಿಡಿದು ವಿಚಾರಣೆಗೆ ನಿಲ್ಲಿಸುವರು. ಆಗ ಜಾತ್ರೆಯ ದಿನದ ಅವನ ನಡತೆಯೆಲ್ಲವೂ ಸಾಕ್ಷ್ಯವಾಗಿ ಬರುವುದು. ಮೇಜಿನ ಮೇಲಿದ್ದ ಮುದುಕನೊಬ್ಬನ ಬುತ್ತಿಯನ್ನು ತಿಂದನೆ? ಬೆಕ್ಕಿನ ಮರಿಯನ್ನು ಕಳೆದುಕೊಂಡ ಬಾಲಕಿಗೆ ನೆರವಾದನೆ? ಢಿಕ್ಕಿಯಾದಾಗ ಬಿದ್ದ ಹುಡುಗಿಯನ್ನು ಮೊದಲು ವಿಚಾರಿಸಿದನೆ, ಬಿದ್ದ ಪದಕವನ್ನು ಮೊದಲು ಎತ್ತಿಕೊಂಡನೆ? ಅವಳು ಮಿಠಾಯಿಯನ್ನು ಆರಿಸುವಾಗ ತಾಳ್ಮೆಯಿಂದ ನಿಂತನೆ? ಏಳು ಮಂದಿ ಪಂಚರು ಒಬ್ಬೊಬ್ಬರಾಗಿ ದೋಷಿ, ನಿರ್ದೋಷಿ ಎಂದು ಪಕ್ಷ ಹಿಡಿಯುವರು.

ಇದರ ಔಚಿತ್ಯವನ್ನು ಮನಗಾಣಬೇಕಾದರೆ ಈ ಪ್ರಭೇದದ ಆಟಗಳ ರೂಢಿಯನ್ನು ತಿಳಿದಿರಬೇಕು. ಅವುಗಳಲ್ಲಿ ಕಂಡ ಪೆಟ್ಟಿಗೆಯನ್ನು ತೆರೆಯುವುದು, ಇದ್ದ ವಸ್ತುವನ್ನು ತೆಗೆದುಕೊಳ್ಳುವುದು, ಪರರ ಮನೆಯನ್ನು ಕೇಳದೆ ಹೊಕ್ಕು ಹುಡುಕುವುದು ಆಡುವವನ ಹಕ್ಕೆಂದೇ ನಡೆದುಬಂದಿದೆ. ಯಾರೂ ಕೇಳದ ಆ ಹಕ್ಕನ್ನು ಈ ಕೃತಿಯು ಒಮ್ಮೆ ಕೇಳಿಬಿಡುವುದು. ತನ್ನನ್ನು ಯಾರೂ ನೋಡುತ್ತಿಲ್ಲವೆಂದು ನಂಬಿ ನಡೆದವನ ಶೀಲವು ಅಲ್ಲಿ ಅಳತೆಗೆ ಸಿಕ್ಕುವುದು. ಆದರೆ ಈ ಪರೀಕ್ಷೆಯು ಒಂದೇ ಸಲ ಸಾಧ್ಯ. ಎರಡನೆಯ ಸಲ ಬಂದವನು ಬುತ್ತಿಯನ್ನು ಮುಟ್ಟುವುದಿಲ್ಲ, ಬೆಕ್ಕನ್ನು ಹುಡುಕಿಕೊಡುವನು, ಮಿಠಾಯಿಯಂಗಡಿಯ ಮುಂದೆ ಕದಲದೆ ನಿಲ್ಲುವನು. ಏಳು ಮಂದಿಯೂ ಅವನನ್ನು ನಿರ್ದೋಷಿಯೆನ್ನುವರು. ಇದು ಶೀಲವೋ ಅಭಿನಯವೋ? ಪಂಚರಿಗೆ ತಿಳಿಯದು, ಆಡುವವನಿಗೆ ತಿಳಿದಿರುವುದು. ತೀರ್ಪು ಏನೇ ಆಗಲಿ ನಾಯಕನು ಹೋಗುವುದು ಸೆರೆಮನೆಗೇ ಎಂಬುದು ಕೃತಿಕಾರರ ಸೂಕ್ಷ್ಮವಾದ ಕಟಾಕ್ಷ.

ಎರಡನೆಯದು ಒಣಮಾಂಸದ ಪ್ರಸಂಗ. ೧೦೦೦ನೆಯ ವರ್ಷದ ಪೊರ್ರೆ ಎಂಬ ಊರಿನ ಹಿರಿಯನು ಲೋಭಿ. ಆಡುವವರಿಗೆ ಬೇಕಾದ ಮಣಿಯನ್ನು ಇಟ್ಟುಕೊಂಡು ಕೊಡನು. ೬೦೦ನೆಯ ವರ್ಷದಲ್ಲಿ ಅದೇ ಊರಿನ ಗೃಹಿಣಿಯೊಬ್ಬಳು ಒಣಮಾಂಸವನ್ನು ಅರಸುತ್ತಿರುವಳು. ಅದನ್ನು ಮುಂದಿನ ಕಾಲದ ಪಾಂಥಶಾಲೆಯಲ್ಲಿ ೯,೯೦೦ ನಾಣ್ಯ ಕೊಟ್ಟು ಕೊಂಡುತಂದರೆ ಅವಳು ೧೦,೦೦೦ ಕೊಡಲು ಸಿದ್ಧಳು. ಹಣವನ್ನು ಒಲ್ಲದೆ ಉಚಿತವಾಗಿ ಕೊಟ್ಟರೆ ಅವಳು ಕರಗಿ, ತನ್ನ ಮಕ್ಕಳನ್ನೂ ಉದಾರಿಗಳಾಗುವಂತೆ ಬೆಳೆಸುವೆನೆನ್ನುವಳು. ನಾನೂರು ವರ್ಷಗಳ ಮೇಲೆ ಆ ವಂಶದ ಹಿರಿಯನು ದಾನಿಯಾಗಿ ಮಣಿಯನ್ನು ತಾನಾಗಿ ಕೊಡುವನು. ದಾನದ ಬೀಜವು ತಲೆಮಾರುಗಳನ್ನು ದಾಟಿ ಮೊಳೆಯುವುದೆಂಬ ಭಾವನೆ ರಮ್ಯವಾದುದು. ಆದರೆ ಫಲವನ್ನು ಬಲ್ಲವನ ಕೈಯಲ್ಲಿ ಆ ದಾನವು ದಾನವಾಗಿ ಉಳಿಯದೆ ಬಡ್ಡಿಗೆ ಕೊಟ್ಟ ಸಾಲವಾಗುವುದು. ನೂರು ನಾಣ್ಯದ ಲಾಭವನ್ನು ಬಿಟ್ಟವನು ಮಣಿಯ ಲಾಭವನ್ನು ಬಿಟ್ಟಿಲ್ಲ.

ಮೂರನೆಯದು ಲುಕ್ಕಾಳ ತಾಯಿಯ ಪ್ರಸಂಗ. ಲುಕ್ಕಾ ಬಾಲೆಯಾಗಿದ್ದಾಗ ಮನೆಯ ಯಂತ್ರಕ್ಕೆ ಸಿಕ್ಕಿ ತಾಯಿ ಲಾರಾಳ ಕಾಲುಗಳು ಊನವಾದುವು. ಯಂತ್ರವನ್ನು ನಿಲ್ಲಿಸುವ ಸಂಕೇತವನ್ನು ಮಗು ಅರಿಯಳು. ಕಥೆಯ ಉತ್ತರಾರ್ಧದ ಒಂದು ರಾತ್ರಿ ದ್ವಾರವೊಂದು ತೆರೆದು ಲುಕ್ಕಾ ಒಬ್ಬಳೇ ಆ ದಿನಕ್ಕೆ ಹೋಗುವಳು. ಸಂಕೇತವು ತಾಯಿಯ ಹೆಸರೇ. ತಂದೆಯ ಟಿಪ್ಪಣಿಯಲ್ಲಿ ಸೂಚನೆಯಿದ್ದರೂ ಅವಕಾಶವು ಅಲ್ಪವಾದುದರಿಂದ ಮೊದಲ ಸಲ ಆಡುವವರಲ್ಲಿ ಹಲವರ ಕೈ ತಡವರಿಸುವುದು; ತಾಯಿ ಕುಂಟಿಯಾಗಿಯೇ ಉಳಿಯುವಳು. ಮರಳಿ ಬಂದವನು ಸಂಕೇತವನ್ನು ಬಲ್ಲನು, ತಾಯಿ ನಡೆಯುವಳು. ಗಮನಿಸತಕ್ಕ ಅಂಶವೆಂದರೆ, ಇಲ್ಲಿ ಲುಕ್ಕಾಳೇ ಪುನರ್ದರ್ಶಕಿ. ಒಮ್ಮೆ ಕಂಡು ಕೈಚೆಲ್ಲಿದ ದಿನಕ್ಕೆ ಅವಳು ತಿಳಿವಳಿಕೆಯೊಡನೆ ಮರಳಿರುವಳು. ಪಾತ್ರದ ಸ್ಥಿತಿಯೂ ಆಡುವವನ ಸ್ಥಿತಿಯೂ ಒಂದೇ ಆಗಿ, ಸಾಧಾರಣೀಕರಣವು ಇಷ್ಟು ಪೂರ್ಣವಾಗಿ ನೆರವೇರಿದ ಸ್ಥಳವು ಈ ಕೃತಿಯಲ್ಲಿ ಮತ್ತೊಂದಿಲ್ಲ.

ಮೂರನ್ನೂ ಹೋಲಿಸಿದರೆ ಸಿದ್ಧಾಂತವು ಹೊರಡುವುದು. ಮೂರರಲ್ಲಿಯೂ ಮುಂದಿನದನ್ನು ಬಲ್ಲ ತಿಳಿವು ಒಂದೇ. ತನ್ನ ಬಿಡುಗಡೆಗಾಗಿ, ತನ್ನ ಲಾಭಕ್ಕಾಗಿ ಬಳಸಿದಾಗ ಅದು ಸತ್ಕ್ರಿಯೆಯ ಸಾರವನ್ನು ಹೀರಿ ಸಿಪ್ಪೆಯನ್ನು ಉಳಿಸುವುದು. ಪರರ ನೋವನ್ನು ನೀಗುವುದಕ್ಕಾಗಿ ಬಳಸಿದಾಗ ಅದೇ ತಿಳಿವು ಕರುಣೆಗೆ ಕೈಕಾಲುಗಳನ್ನು ಕೊಡುವುದು. ಆದುದರಿಂದ ಪುನರ್ದರ್ಶನವು ಮುಗ್ಧತೆಯನ್ನು ಕೆಡಿಸುವುದೆಂದಾಗಲಿ ವಿವೇಕವನ್ನು ಬೆಳೆಸುವುದೆಂದಾಗಲಿ ಒಂದೇ ಮಾತಿನಲ್ಲಿ ಹೇಳಲಾಗದು. ಯಾರಿಗಾಗಿ ಎಂಬುದರ ಮೇಲೆ ಅದು ನಿಂತಿದೆ.

(೬)

ಕೃತಿಯ ಹೃದಯವೆನ್ನಬಹುದಾದ ಪ್ರಸಂಗವು ಲಾರಾಳ ಪ್ರಸಂಗಕ್ಕೆ ಹೊಂದಿಕೊಂಡೇ ಬರುವುದು. ೬೦೦ನೆಯ ವರ್ಷದಲ್ಲಿ ಫಿಯೋನಾ ಎಂಬ ಹೆಂಗಸು ಮರಳಾದ ನೆಲದಲ್ಲಿ ಕಾಡನ್ನು ಬೆಳೆಸಬೇಕೆಂದಿರುವಳು. ಅದು ಒಂದು ಆಯುಷ್ಯದಲ್ಲಿ ಮುಗಿಯುವ ಕೆಲಸವಲ್ಲ. ಭವಿಷ್ಯತ್ತಿನಿಂದ ಬಂದ ಯಂತ್ರಪುರುಷನಾದ ರೋಬೋ ಅಲ್ಲಿಯೇ ನಿಂತು ದುಡಿಯಲು ಒಪ್ಪುವನು. ಮಿತ್ರರು ಕಾಲಯಾನದ ವಿಮಾನವನ್ನೇರಿ ೧೦೦೦ನೆಯ ವರ್ಷಕ್ಕೆ ಬಂದರೆ ಅಲ್ಲಿ ಹಸುರು ಕಾಡು. ನಡುವೆ ಒಂದು ಗುಡಿ. ಗುಡಿಯಲ್ಲಿ ಸವೆದು ನಿಂತ ರೋಬೋ. ಮಿತ್ರರಿಗೆ ಕ್ಷಣಮಾತ್ರವಾದುದು ಅವನಿಗೆ ನಾನೂರು ವರ್ಷ. ಆ ರಾತ್ರಿ ಕಾಡಿನಲ್ಲಿ ಬೆಂಕಿಯ ಸುತ್ತ ಕುಳಿತು ಅವರು ಮಾತನಾಡುವರು. ಈ ಕಾಲದ್ವಾರಗಳು ಲಾವೋಸನಿಂದಾದುವಲ್ಲ, ತನ್ನ ಬಾಳನ್ನು ಮತ್ತೊಮ್ಮೆ ನೋಡಬೇಕೆಂದು ಬಯಸಿದ ಯಾವುದೋ ಒಂದು ಚೇತನವು ತನಗೆ ಮುಖ್ಯವಾದ ಗಳಿಗೆಗಳನ್ನು ತಮಗೆ ತೋರಿಸುತ್ತಿರಬಹುದು ಎಂದು ರೋಬೋ ಊಹಿಸುವನು. ಆ ಚೇತನವು ಯಾವುದೆಂಬುದನ್ನು ಕೃತಿಯು ಬಿಚ್ಚಿ ಹೇಳುವುದಿಲ್ಲ.

ಮೊದಲ ಸಲ ಇದು ತತ್ತ್ವದ ಮಾತಾಗಿ ಕೇಳಿ ಮರೆತುಹೋಗುವುದು. ಎರಡನೆಯ ಸಲ ಅದರ ಧ್ವನಿ ತೆರೆದುಕೊಳ್ಳುವುದು. ಕಳೆದ ಗಳಿಗೆಗಳನ್ನು ಮತ್ತೆ ಕಾಣಬಯಸಿ ಈ ದ್ವಾರಗಳನ್ನು ತೆರೆದ ಚೇತನವು ಮರಳಿ ಆಡಲು ಕುಳಿತ ಸಹೃದಯನೂ ಆಗಬಹುದಷ್ಟೆ. ಕೃತಿಕಾರರು ಹೀಗೆಯೇ ಉದ್ದೇಶಿಸಿದ್ದರೆಂದು ನಾನು ಸಾಧಿಸುವುದಿಲ್ಲ. ಶಬ್ದವು ಆ ಅರ್ಥವನ್ನು ಹೊರುವುದೆಂದು ಮಾತ್ರ ಹೇಳುವೆನು. ಇನ್ನೊಂದು ಮಾತು. ಮೊದಲ ಸಲ ಆಡಿದವನು ವಿಮಾನದಲ್ಲಿ ಬಂದವರ ಪಕ್ಷದವನು. ನಾನೂರು ವರ್ಷಗಳನ್ನು ಒಂದು ಗುಂಡಿಯನ್ನೊತ್ತಿ ದಾಟಿದವನು. ಇಪ್ಪತ್ತೈದು ವರ್ಷಗಳ ಮೇಲೆ ಬಂದವನು ರೋಬೋವಿನ ಪಕ್ಷದವನಾಗಿರುವನು. ಆ ವರ್ಷಗಳನ್ನು ಅವನು ಗುಂಡಿಯೊತ್ತಿ ದಾಟಿಲ್ಲ. ದಿನದಿನವಾಗಿ ದುಡಿದು ಸವೆಸಿದ್ದಾನೆ. ಬೆಂಕಿಯ ಸುತ್ತ ಕುಳಿತ ತರುಣರು ಮಾತ್ರ ಅಂದಿನಂತೆಯೇ ಇದ್ದಾರೆ. ಯಂತ್ರಬಲವನ್ನು ಉಳಿಸಿಕೊಡುವ ‘ನ್ಯೂ ಗೇಮ್ ಪ್ಲಸ್’ ಈ ವಯಸ್ಸನ್ನು ಕೊಡಲಾರದು. ಮುಗಿಸಿದ ಮರುದಿನವೇ ಮತ್ತೆ ಆಡುವವನಿಗೆ ಇದು ದೊರೆಯದು.

(೭)

ಗುಣಗಳನ್ನು ಹೇಳಿದಂತೆ ದೋಷಗಳನ್ನೂ ಹೇಳಬೇಕು. ಮೊದಲ ಸಲ ವೇಗದಲ್ಲಿ ಮರೆಯಾದ ಕೊರತೆಗಳು ಎರಡನೆಯ ಸಲ ಎದ್ದುಕಾಣುವುವು. ಪ್ರತಿನಾಯಕನಾದ ಲಾವೋಸನಿಗೆ ಮಾತಿಲ್ಲ, ಆಶಯವಿಲ್ಲ. ಅವನು ಉತ್ಪಾತವೇ ಹೊರತು ಪಾತ್ರವಲ್ಲ. ಅವನ ಶಕ್ತಿಗೆ ಮರುಳಾದ ಜೀಲ್ ರಾಣಿಯ ಅಧಃಪತನವನ್ನು ಇತರರ ಬಾಯಿಂದ ಕೇಳುವೆವಲ್ಲದೆ ಅದರ ಕ್ರಮವನ್ನು ಕಾಣೆವು. ಅವಳ ಮಗಳು ಶಾಲಾ ಕರುಣೆಯ ಮೂರ್ತಿಯಾಗಿ ಕಾಣಿಸಿಕೊಂಡು, ಅರಮನೆಯು ಮುಳುಗಿದ ಮೇಲೆ ಏನಾದಳೆಂಬುದು ಮೂಲಕೃತಿಯಲ್ಲಿ ತಿಳಿಯದು. ತಮ್ಮನಾದ ಮೇಗಸನು ಅವಳನ್ನು ಅರಸುತ್ತ ಹೊರಡುವನೆಂಬ ಸೂಚನೆಯಿಂದಲೇ ತೃಪ್ತರಾಗಬೇಕು. ಉತ್ತರಾರ್ಧದ ಉಪಕಥೆಗಳನ್ನು ಯಾವ ಕ್ರಮದಲ್ಲಿಯಾದರೂ ಮುಗಿಸಬಹುದಾದುದರಿಂದ ಬಿಡಿಬಿಡಿಯಾಗಿ ಸೊಗಸಾಗಿದ್ದರೂ ಒಟ್ಟಿನಲ್ಲಿ ವಿಮರ್ಶಸಂಧಿಯ ಬಿಗಿ ಸಡಿಲವಾಗಿದೆ.

ಹಲವು ಮುಕ್ತಾಯಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿರಬಹುದು. ನಿರ್ವಹಣಸಂಧಿಯೆಂದರೆ ಚದರಿದ ಬೀಜಾರ್ಥಗಳನ್ನು ಒಂದೆಡೆ ಕೂಡಿಸುವುದು. ಹತ್ತಕ್ಕೂ ಹೆಚ್ಚು ನಿರ್ವಹಣಗಳಿದ್ದರೆ ಯಾವುದೂ ನಿರ್ವಹಣವಲ್ಲವೆಂದು ಹೇಳತೋರುವುದು. ಇವುಗಳಲ್ಲಿ ಕೆಲವು ಪ್ರಹಸನದ ಜಾತಿಯವು; ಗಂಭೀರವಾದ ಇತಿವೃತ್ತದ ತುದಿಯಲ್ಲಿ ವಿನೋದಕ್ಕಾಗಿ ಇಟ್ಟವು. ಆದರೂ ಪ್ರಧಾನವಾದ ಮುಕ್ತಾಯವು, ಎಂದರೆ ಜಾತ್ರೆಯ ಕೊನೆಯ ರಾತ್ರಿ ಎಲ್ಲರೂ ತಂತಮ್ಮ ಕಾಲಗಳಿಗೆ ಬೀಳ್ಕೊಂಡು ಹೋಗಿ ದ್ವಾರವು ಮುಚ್ಚಿಕೊಳ್ಳುವ ದೃಶ್ಯವು, ಉಳಿದವನ್ನೆಲ್ಲ ತನ್ನ ನೆರಳಿನಲ್ಲಿ ಇರಿಸಿಕೊಳ್ಳುವಷ್ಟು ಸಮರ್ಥವಾಗಿದೆ. ಕಾಲವನ್ನು ಬೇಕೆಂದಂತೆ ದಾಟುವ ಸುಖವನ್ನು ಇಷ್ಟು ಹೊತ್ತು ಉಣಿಸಿದ ಕೃತಿಯು ಕಡೆಯಲ್ಲಿ ದ್ವಾರವನ್ನು ಮುಚ್ಚುವುದು ಉಚಿತವೇ. ಮುಚ್ಚದಿದ್ದರೆ ಅಗಲಿಕೆಗೆ ಅರ್ಥವಿಲ್ಲ. ಅಗಲಿಕೆಯಿಲ್ಲದಿದ್ದರೆ ಮರಳುವುದಕ್ಕೂ ಅರ್ಥವಿಲ್ಲ.

ಇಷ್ಟರಿಂದ ಮೂರು ಅಂಶಗಳು ನಿಷ್ಪನ್ನವಾಗುವುವೆಂದು ತೋರುವುದು. ಆಟವೆಂಬ ಈ ಕಲೆಯಲ್ಲಿ ರಸಕ್ಕೆ ಅವಕಾಶವುಂಟು. ಸಹೃದಯನು ಗೆಲ್ಲುವ ಚಿಂತೆಯನ್ನು ಬಿಟ್ಟ ಮೇಲೆ ಆ ಅವಕಾಶವು ಹೆಚ್ಚುವುದು. ಮರಳಿ ಬಂದವನು ವೀರಾದ್ಭುತಗಳಲ್ಲಿ ಕಳೆದುಕೊಂಡುದನ್ನು ಕರುಣಹಾಸ್ಯಗಳಲ್ಲಿ ಪಡೆಯುವನು. ಮುಂದಿನದನ್ನು ಬಲ್ಲವನ ಒಳ್ಳೆಯ ನಡತೆಗೆ, ತಾನು ಮೆಚ್ಚುಗೆ ಪಡೆಯುವುದರಿಂದ ಬೆಲೆ ಬಾರದು. ಇನ್ನೊಬ್ಬರ ನೋವು ಕಡಮೆಯಾದುದರಿಂದ ಬರುವುದು. ಇವುಗಳಲ್ಲಿ ಮೂರನೆಯದು ಆಟವನ್ನು ಆಡದವರಿಗೂ ಸಂಬಂಧಿಸಿದುದು. ವರ್ಷವರ್ಷವೂ ಅದೇ ಕಾವ್ಯವನ್ನು ಪಾಠ ಹೇಳುವ ಅಧ್ಯಾಪಕನಿಗೆ ಕಥೆಯೂ ಗೊತ್ತು, ಪ್ರಶ್ನೆಯೂ ಗೊತ್ತು, ಉತ್ತರವೂ ಗೊತ್ತು. ಆ ತಿಳಿವಿನಿಂದ ತನ್ನ ಪಾಂಡಿತ್ಯವನ್ನು ನಿರ್ದೋಷಿಯೆನ್ನಿಸಿಕೊಳ್ಳಬಹುದು. ಇಲ್ಲವೆ ಮೊದಲ ಸಲ ಓದುತ್ತಿರುವ ಹುಡುಗನ ಕೈ ತಡವರಿಸುವ ಕಡೆ ಸಂಕೇತವನ್ನು ಒಂದು ಗಳಿಗೆ ಮುಂಚಿತವಾಗಿ ಸೂಚಿಸಬಹುದು. ಈ ಎರಡರ ಭೇದವನ್ನು ಜಪಾನಿನ ಈ ಆಟವು ಬೋಧಿಸಲು ಹೊರಟಿದೆಯೆಂದು ಹೇಳಲಾರೆವು. ಆದರೆ ಅದಕ್ಕೆ ಮರಳಿ ಹೋದವನಿಗೆ ಅದು ಅಲ್ಲಿ ಕಾಣಸಿಕ್ಕುವುದು. ಸಹೃದಯರಾದ ವಾಚಕರು ಇತರ ಕೃತಿಗಳ ಆಧಾರದಿಂದಲೂ ಈ ವಿಚಾರವನ್ನು ಮುಂದುವರಿಸಬೇಕೆಂದು ಪ್ರಾರ್ಥಿಸುವೆನು.